ಬಿಚ್ಚುವ ಮೊದಲು ನೋಡಿ: ಹಳೆಯ ಪವರ್ ಟಿಲ್ಲರಿನ ಆರೈಕೆ

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಅಥವಾ ಕರಾವಳಿಯ ಯಾವುದಾದರೂ ಸಣ್ಣ ಪೇಟೆಯ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಮೂರು ನಾಲ್ಕು ಪವರ್ ಟಿಲ್ಲರುಗಳು ಸರದಿ ಕಾಯುತ್ತಿರುತ್ತವೆ. ಬಣ್ಣ ಮಾಸಿದೆ. ಹಿಡಿಯ ರಬ್ಬರು ಹರಿದ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿದೆ. ಕೆಲವಕ್ಕೆ ಇಪ್ಪತ್ತೈದು, ಮೂವತ್ತು ವರ್ಷ ವಯಸ್ಸು. “ಎಂಜಿನ್ ಹೋಯ್ತು ಮಾರಾಯ್ರೇ, ಸೋಮವಾರ ನಾಟಿ” ಎಂದು ಯಜಮಾನರು ಅವಸರ ಮಾಡುತ್ತಾರೆ. ಅನುಭವಸ್ಥ ಮೆಕ್ಯಾನಿಕ್ ಸ್ಪ್ಯಾನರಿಗೆ ಕೈ ಹಾಕುವುದಿಲ್ಲ. “ಹೋಗಿದೆಯೋ ಇಲ್ಲವೋ ಆಮೇಲೆ ಹೇಳ್ತೇನೆ. ನೀವು ಒಮ್ಮೆ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿ ನೋಡುವ” ಎನ್ನುತ್ತಾರೆ.

ಯಜಮಾನರ ಅವಸರಕ್ಕೆ ಕಾರಣವಿದೆ. ಸಸಿಮಡಿ ಯಾರಿಗೂ ಕಾಯುವುದಿಲ್ಲ. ಸಸಿ ಬಲಿತಷ್ಟೂ ನಾಟಿಯ ನಂತರ ತೆಂಡೆ ಒಡೆಯುವುದು ಕಡಿಮೆ. ತೆಂಡೆ ಕಡಿಮೆಯಾದರೆ ತೆನೆಯೂ ಕಡಿಮೆ. ಗದ್ದೆಯಲ್ಲಿ ನೀರು ಹದವಾಗಿ ನಿಂತ ನಾಲ್ಕು ದಿನ ಟಿಲ್ಲರ್ ಅಂಗಡಿಯಲ್ಲಿ ಕೂತರೆ ವರ್ಷದ ಅನ್ನದಲ್ಲಿ ಒಂದು ಪಾಲು ಹೋಯಿತೆಂದೇ ಲೆಕ್ಕ. ಎತ್ತು ಸಾಕಿದ ಮನೆಗಳು ಈಗ ವಿರಳ. ಹೊಸ ಟಿಲ್ಲರಿಗೆ ಲಕ್ಷಕ್ಕೂ ಮೀರಿ ಹಣ ಬೇಕು. ಎರಡು ಮೂರು ಎಕರೆಯ ಕುಟುಂಬಕ್ಕೆ ಹಳೆಯ ಯಂತ್ರವೇ ಗತಿ.

ಮೆಕ್ಯಾನಿಕ್ ಬಿಚ್ಚಲು ಹಿಂಜರಿಯುವುದಕ್ಕೂ ಕಾರಣವಿದೆ. ಇಂಥ ಯಂತ್ರ ವಯಸ್ಸಾಯಿತೆಂದು ಸಾಯುವುದು ಅಪರೂಪ. ಅದನ್ನು ಕೊಲ್ಲುವುದು ಧೂಳು, ಕೆಸರು, ಕೊಳೆ ಸೇರಿದ ಡೀಸೆಲ್ ಮತ್ತು ಬೇಡದ ಕಡೆ ಬಿಚ್ಚುವ ಕೈ. ಯಾವುದು ಎಲ್ಲಿ ಕೆಟ್ಟಿದೆ ಎಂಬುದನ್ನು ಕಣ್ಣು, ಕಿವಿ, ಮೂಗುಗಳಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಅದಕ್ಕೆ ಬೇಕಾದ ವಿಜ್ಞಾನ ನಿಮ್ಮ ಪ್ರೌಢಶಾಲೆಯ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ. ತೆರೆಯ ಮೇಲೆ ಅರ್ಧ ನಿಮಿಷದಲ್ಲಿ ತೋರಿಸಿಬಿಡಬಹುದಾದ ಸಂಗತಿಗೆ ಕಾಗದದ ಮೇಲೆ ಹೆಚ್ಚು ಮಾತು ಬೇಕಾಗುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಎರಡು ಗಾಲಿಯ ಯಂತ್ರ ಬಂದ ದಾರಿ

ಹಿಂದೆ ನಡೆಯುತ್ತಾ ನಡೆಸುವ ಎರಡು ಗಾಲಿಯ ಟ್ರ್ಯಾಕ್ಟರ್ ಹುಟ್ಟಿ ನೂರು ವರ್ಷ ದಾಟಿದೆ. ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ಛಾಯಾಗ್ರಾಹಕರಾಗಿದ್ದ ಬೆಂಜಮಿನ್ ಗ್ರೇವ್ಲಿ ಎಂಬವರು ತಮ್ಮ ತೋಟಕ್ಕೆಂದು ಮೋಟರ್ ಸೈಕಲ್ಲಿನ ಬಿಡಿಭಾಗ ಸೇರಿಸಿ ಒಂದು ಮೋಟರ್ ನೇಗಿಲು ಕಟ್ಟಿದರು. 1916ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆ ಹೆಸರಿನ ಹಳೆಯ ಯಂತ್ರಗಳನ್ನು ಅಲ್ಲಿ ಇಂದಿಗೂ ಹವ್ಯಾಸಿಗಳು ಹುಡುಕಿ ತಂದು, ತುಕ್ಕು ಉಜ್ಜಿ, ಮತ್ತೆ ಓಡಿಸಿ ಸಂತೋಷಪಡುತ್ತಾರೆ. ಮಣ್ಣನ್ನು ನೇಗಿಲಿನಂತೆ ಮಗುಚುವ ಬದಲು ತಿರುಗುವ ಕತ್ತಿಗಳಿಂದ ಕೊಚ್ಚುವ ವಿಧಾನಕ್ಕೆ ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಅವರ ಹೆಸರು ಅಂಟಿಕೊಂಡಿದೆ. 1912ರಲ್ಲಿ ತಂದೆಯ ಹೊಲದಲ್ಲಿ ಪ್ರಯೋಗ ಆರಂಭಿಸಿದ ಅವರು, ಮಣ್ಣು ಪಕ್ಕಕ್ಕೆ ಎರಚಿಹೋಗುವುದನ್ನು ತಪ್ಪಿಸಲು ಕತ್ತಿಯ ತುದಿಯನ್ನು ಬಗ್ಗಿಸಿದರು. ಇಂದಿನ ಟಿಲ್ಲರಿನ ಬಾಗಿದ ಬ್ಲೇಡಿನಲ್ಲೂ ಆ ಯೋಚನೆಯೇ ಇದೆ.

ನಮ್ಮ ಗದ್ದೆಗೆ ಅದು ಬಂದದ್ದು ಜಪಾನಿನ ಮೂಲಕ. ಅಲ್ಲಿಯ ರೈತರದೂ ನಮ್ಮಂತೆಯೇ ಚಿಕ್ಕ ಹಿಡುವಳಿ, ನೀರು ನಿಂತ ಭತ್ತದ ಗದ್ದೆ. 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಆರಂಭವಾಯಿತು. 1973ರಲ್ಲಿ ಕೇರಳ ಸರ್ಕಾರದ ಕಾಮ್ಕೋ ಸಂಸ್ಥೆ ಆಲುವಾ ಬಳಿಯ ಅತ್ತಾಣಿಯಲ್ಲಿ ಸ್ಥಾಪನೆಯಾಗಿ, ಕುಬೋಟ ತಂತ್ರಜ್ಞಾನದ ಟಿಲ್ಲರುಗಳನ್ನು ತಯಾರಿಸಿತು. ನಮ್ಮಲ್ಲಿ ಕಾಣುವ ಹಳೆಯ ಟಿಲ್ಲರುಗಳಲ್ಲಿ ಹೆಚ್ಚಿನವು ಈ ಎರಡು ವಂಶಕ್ಕೆ ಸೇರಿದವು. ಎರಡರ ಒಡಲೂ ಬಹುಮಟ್ಟಿಗೆ ಒಂದೇ: ಮಲಗಿದಂತೆ ಜೋಡಿಸಿದ ಒಂದೇ ಸಿಲಿಂಡರಿನ, ನೀರಿನಿಂದ ತಂಪಾಗುವ, ಕೈ ಹ್ಯಾಂಡಲಿನಿಂದ ಶುರುವಾಗುವ ಡೀಸೆಲ್ ಎಂಜಿನ್, ಅದರಿಂದ ಬೆಲ್ಟಿನ ಮೂಲಕ ಕ್ಲಚ್ಚಿಗೆ, ಕ್ಲಚ್ಚಿನಿಂದ ಗೇರ್ ಪೆಟ್ಟಿಗೆಗೆ, ಅಲ್ಲಿಂದ ಗಾಲಿಗೂ ರೋಟರಿ ಬ್ಲೇಡುಗಳಿಗೂ ಹರಿಯುವ ಶಕ್ತಿ.

ಈ ಯಂತ್ರ ಎಷ್ಟು ದುಡಿಯುತ್ತದೆ ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡಿ. ರೋಟರಿಯ ಅಗಲ 60 ಸೆಂಟಿಮೀಟರ್ ಎಂದುಕೊಳ್ಳೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ಸಲ ಉತ್ತು ಮುಗಿಸಲು ನಡೆಸುವವರು ಕೆಸರಿನಲ್ಲಿ ಆರೂಮುಕ್ಕಾಲು ಕಿಲೋಮೀಟರ್ ನಡೆಯಬೇಕು. ಎಂಜಿನ್ನಿನೊಳಗೆ ಪಿಸ್ಟನ್ ನಡೆಯುವ ದೂರ ಇನ್ನೂ ದೊಡ್ಡದು. ಪಿಸ್ಟನ್ನಿನ ಒಂದು ಹೊಡೆತ 95 ಮಿಲಿಮೀಟರ್, ನಿಮಿಷಕ್ಕೆ 2,000 ಸುತ್ತು ಎಂದಿಟ್ಟುಕೊಂಡರೆ ಎಂಟು ಗಂಟೆಯಲ್ಲಿ ಅದು ಸುಮಾರು 180 ಕಿಲೋಮೀಟರ್ ಉಜ್ಜಿಕೊಂಡು ಓಡಾಡುತ್ತದೆ. ಅಂದರೆ ಹೆಚ್ಚು ಕಡಿಮೆ ಬೆಂಗಳೂರಿನಿಂದ ಹಾಸನಕ್ಕೆ ಇರುವಷ್ಟು ದೂರ, ಒಂದು ಗೇಣಿಗಿಂತ ಚಿಕ್ಕ ಓಣಿಯಲ್ಲಿ! ಆ ಓಣಿಯಲ್ಲಿ ಒಂದು ಚಿಟಿಕೆ ಮರಳು ಸೇರಿದರೆ ಏನಾಗಬಹುದೆಂದು ನೀವೇ ಊಹಿಸಿ.

ಹ್ಯಾಂಡಲ್ ಹೇಳುವ ಕಥೆ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಸುಮಾರು ಹದಿನೆಂಟು ಇಪ್ಪತ್ತು ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಗಮನಿಸಿದ್ದೀರಲ್ಲವೇ? ಅದೇ ತತ್ತ್ವ. ಇಲ್ಲಿ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ನಾಝಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಎಂಜಿನ್ ಶುರುವಾಗಲು ಬೇಕಾದದ್ದು ಮೂರೇ: ಸಾಕಷ್ಟು ಗಾಳಿ, ಆ ಗಾಳಿಯ ಮೇಲೆ ಸಾಕಷ್ಟು ಒತ್ತಡ, ಸರಿಯಾದ ಹೊತ್ತಿಗೆ ಶುದ್ಧ ಡೀಸೆಲ್. ಶುರುವಾಗದ ಎಂಜಿನ್ ಎಂದರೆ ಈ ಮೂರರಲ್ಲಿ ಒಂದು ತಪ್ಪಿದೆ ಎಂದೇ ಅರ್ಥ.

ಹ್ಯಾಂಡಲ್ ನಿಧಾನಕ್ಕೆ ತಿರುಗಿಸಲು ಮೆಕ್ಯಾನಿಕ್ ಹೇಳಿದ್ದು ಒತ್ತಡವನ್ನು ತಿಳಿಯಲು. ಎಂಜಿನ್ ಶುರು ಮಾಡುವಾಗ ವಾಲ್ವನ್ನು ತುಸು ತೆರೆದಿಟ್ಟು ಭಾರ ಇಳಿಸುವ ಒಂದು ಚಿಕ್ಕ ಲಿವರ್ ಇರುತ್ತದೆ. ಅದನ್ನು ಮುಟ್ಟದೆ ತಿರುಗಿಸಿದರೆ ಎರಡು ಸುತ್ತಿಗೊಮ್ಮೆ ಹ್ಯಾಂಡಲ್ ಗೋಡೆಗೆ ಒತ್ತಿದಂತೆ ತಡೆಯಬೇಕು. ಕೈ ಸಡಿಲಿಸಿದರೆ ಸ್ಪ್ರಿಂಗಿನಂತೆ ತುಸು ಹಿಂದಕ್ಕೆ ಬರಬೇಕು. ಆ ಬಿಗಿ ಇದ್ದರೆ ಎಂಜಿನ್ನಿನ ಒಡಲು ಗಟ್ಟಿಯಾಗಿದೆ. ದೋಷವನ್ನು ಡೀಸೆಲಿನ ದಾರಿಯಲ್ಲಿ ಹುಡುಕಬೇಕು. ಹ್ಯಾಂಡಲ್ ಬಾವಿಯ ರಾಟೆಯಂತೆ ಸಲೀಸಾಗಿ ತಿರುಗಿದರೆ ಗಾಳಿ ಎಲ್ಲೋ ಸೋರುತ್ತಿದೆ.

ಎಲ್ಲಿ ಸೋರುತ್ತಿದೆ? ಇಲ್ಲಿ ಕಿವಿಗೆ ಕೆಲಸ. ಒಬ್ಬರು ಹ್ಯಾಂಡಲನ್ನು ಬಿಗಿಯ ಕಡೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಆಲಿಸಲಿ. ಸೈಲೆನ್ಸರಿನ ಬಾಯಲ್ಲಿ ಬುಸುಗುಟ್ಟಿದರೆ ಹೊಗೆ ಬಿಡುವ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಏರ್ ಕ್ಲೀನರಿನ ಕಡೆ ಬುಸುಗುಟ್ಟಿದರೆ ಗಾಳಿ ಎಳೆಯುವ ವಾಲ್ವು. ಆಯಿಲ್ ಹಾಕುವ ಬಾಯಿಂದ ಗಾಳಿ ಬಂದರೆ ಪಿಸ್ಟನ್ ರಿಂಗು ಸವೆದಿವೆ. ನೀರಿನ ತೊಟ್ಟಿಯಲ್ಲಿ ಗುಳ್ಳೆ ಎದ್ದರೆ ಹೆಡ್ಡಿನ ಪ್ಯಾಕಿಂಗ್ ಒಡೆದಿದೆ, ಇಲ್ಲವೇ ಹೆಡ್ಡೇ ಬಿರಿದಿದೆ. ಒಂದು ನಟ್ಟನ್ನೂ ಸಡಿಲಿಸದೆ ರೋಗ ಯಾವ ಅಂಗದ್ದೆಂದು ತಿಳಿಯಿತು ನೋಡಿ. ವಾಲ್ವಿನ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಟ್ಯಾಪೆಟ್ ಸಂದನ್ನು ಅಳೆಯಬೇಕು. ಎಂಜಿನ್ ತಣ್ಣಗಿರುವಾಗ ಅಲ್ಲಿ ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನಷ್ಟು ಬಿಡುವು ಇರಬೇಕು. ಖಚಿತ ಅಳತೆ ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಬಿಡುವೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. “ಎಂಜಿನ್ ಹೋಯ್ತು” ಎಂದ ಎಷ್ಟೋ ಟಿಲ್ಲರುಗಳು ಈ ಹತ್ತು ನಿಮಿಷದ ಕೆಲಸದಿಂದ ಮನೆಗೆ ಮರಳಿವೆ.

ಹ್ಯಾಂಡಲ್ ಹೊಡೆಯುವ ಬಗ್ಗೆ ಒಂದು ಎಚ್ಚರಿಕೆ. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು. ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇಡಬೇಕು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗಬೇಕೇ ಹೊರತು ಹೆಬ್ಬೆರಳನ್ನು ಎಳೆದುಕೊಂಡು ಹೋಗಬಾರದು. ಎಂಜಿನ್ ಹೊತ್ತಿಕೊಂಡ ಕೂಡಲೇ ಹ್ಯಾಂಡಲ್ ತಾನಾಗಿ ಬಿಡಿಸಿಕೊಳ್ಳುವಂತೆ ಅದರ ಕೊಕ್ಕೆಯನ್ನು ಓರೆಯಾಗಿ ಕಡಿದಿರುತ್ತಾರೆ. ಹಳೆಯ ಯಂತ್ರದಲ್ಲಿ ಈ ಓರೆ ಸವೆದು ಹ್ಯಾಂಡಲ್ ಸಿಕ್ಕಿಕೊಂಡು ಎಂಜಿನ್ ಜೊತೆಗೇ ಗಿರಗಿರನೆ ತಿರುಗುವುದುಂಟು. ಹಾಗೆ ಸವೆದ ಹ್ಯಾಂಡಲನ್ನು ಇನ್ನೊಂದು ದಿನವೂ ಬಳಸಬಾರದು. ಪಂಚೆಯ ಚುಂಗು, ಸೆರಗು, ಹೆಗಲ ಮೇಲಿನ ಟವೆಲು ಇವುಗಳನ್ನು ಬಿಗಿಯಾಗಿ ಕಟ್ಟಿಕೊಂಡೇ ಯಂತ್ರದ ಬಳಿಗೆ ಹೋಗಬೇಕು.

ಡೀಸೆಲಿನ ದಾರಿ

ಒತ್ತಡ ಚೆನ್ನಾಗಿದ್ದೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಹ್ಯಾಂಡಲ್ ಹೊಡೆಯುವಾಗ ನಾಝಲಿನ ಬಳಿ ಕಿವಿಗೊಡಿ. ‘ಕರಕ್, ಕರಕ್’ ಎಂಬ ಒರಟು ಸದ್ದು ಕೇಳಬೇಕು. ಕೇಳದಿದ್ದರೆ ಡೀಸೆಲ್ ಅಲ್ಲಿಯವರೆಗೆ ತಲುಪುತ್ತಿಲ್ಲ. ಹೆಚ್ಚಿನ ಸಲ ಕಾರಣ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ. ಟ್ಯಾಂಕು ಒಮ್ಮೆ ಬರಿದಾದರೆ, ಫಿಲ್ಟರ್ ಬದಲಾಯಿಸಿದರೆ, ಪೈಪಿನ ಕೂಡುಗಡೆಯ ತಾಮ್ರದ ವಾಷರ್ ಹಳತಾದರೆ ಗಾಳಿ ಸೇರುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಪಂಪು ಒತ್ತಿದ ಒತ್ತಡವನ್ನೆಲ್ಲ ಆ ಗಾಳಿಯ ಗುಳ್ಳೆ ನುಂಗಿಬಿಡುತ್ತದೆ. ನಾಝಲ್ ಬಾಯಿ ತೆರೆಯುವುದೇ ಇಲ್ಲ. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ನೊರೆಯಿಲ್ಲದ ಡೀಸೆಲ್ ಬರುವ ತನಕ ಬಿಟ್ಟು ಬಿಗಿಯಬೇಕು. ಬಳಿಕ ಪಂಪಿನಲ್ಲಿ, ಕೊನೆಗೆ ನಾಝಲಿನ ಪೈಪಿನ ನಟ್ಟಿನಲ್ಲಿ ಅದೇ ಕ್ರಮ. ಕೆಳಗಿನಿಂದ ಮೇಲಕ್ಕೆ ಹೊರಟರೆ ಕೆಲಸ ಎರಡು ಸಲ ಮಾಡಬೇಕಾಗುತ್ತದೆ.

ನಾಝಲನ್ನು ಹೊರಗೆ ತೆಗೆದು ಸಿಂಪರಣೆ ನೋಡುವಾಗ ಅದರ ಮುಂದೆ ಕೈ ಒಡ್ಡಬಾರದು. ಸಾಮಾನ್ಯ ಟೈರಿನಲ್ಲಿ ಚದರ ಸೆಂಟಿಮೀಟರಿಗೆ ಒಂದೆರಡು ಕಿಲೋಗ್ರಾಂ ಒತ್ತಡವಿದ್ದರೆ ಇಲ್ಲಿ ನೂರಕ್ಕೂ ಮೀರಿ ಇರುತ್ತದೆ. ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಹೋಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗಾಯ. ಒಳಗಿನ ಮಾಂಸ ಕೊಳೆತು ಬೆರಳು ಕತ್ತರಿಸಬೇಕಾಗಿ ಬಂದದ್ದುಂಟು. ಹಾಗಾದರೆ ನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಂಜಿನ್ ಓಡುತ್ತಿದ್ದರೆ ಹೊಗೆಯ ಬಣ್ಣವೇ ಮಾತಾಡುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ: ಏರ್ ಕ್ಲೀನರ್ ಕಟ್ಟಿದೆ, ನಾಝಲ್ ತೊಟ್ಟಿಕ್ಕುತ್ತಿದೆ, ಇಲ್ಲವೇ ಯಂತ್ರದ ಮೇಲೆ ಶಕ್ತಿ ಮೀರಿದ ಭಾರ ಹೇರಿದ್ದಾರೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬೆಳಗ್ಗೆ ಶುರುವಾದಾಗ ಬರುವ ಬಿಳಿ ಹೊಗೆ ಬಿಸಿಯೇರಿದ ಮೇಲೆ ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಅಥವಾ ಸಿಲಿಂಡರಿಗೆ ನೀರು ನುಸುಳುತ್ತಿದೆ.

ಧೂಳು ಎಂಬ ನಿಜವಾದ ವೈರಿ

ನನ್ನ ಅಭಿಪ್ರಾಯದಲ್ಲಿ ಟಿಲ್ಲರಿನ ಅತ್ಯಂತ ಮುಖ್ಯ ಭಾಗ ಎಂಜಿನ್ನೂ ಅಲ್ಲ, ಗೇರ್ ಪೆಟ್ಟಿಗೆಯೂ ಅಲ್ಲ. ಏರ್ ಕ್ಲೀನರ್ ಎಂಬ ಆ ಸಣ್ಣ ತಗಡಿನ ಡಬ್ಬಿ. ಮೊದಲಿನ ಲೆಕ್ಕವನ್ನೇ ಮುಂದುವರಿಸಿ. ಸುಮಾರು ಮುಕ್ಕಾಲು ಲೀಟರಿಗೆ ತುಸು ಕಡಿಮೆ ಗಾತ್ರದ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. 2,000 ಸುತ್ತಿಗೆ ನಿಮಿಷಕ್ಕೆ ಆರುನೂರು ಲೀಟರಿಗೂ ಹೆಚ್ಚು. ಎಂಟು ಗಂಟೆಯಲ್ಲಿ ಅದು ಎಳೆಯುವ ಗಾಳಿ ಸುಮಾರು ಮುನ್ನೂರು ಘನ ಮೀಟರ್, ಅಂದರೆ ನಿಮ್ಮ ತರಗತಿಯಂಥ ಮೂರು ಕೊಠಡಿಗಳ ತುಂಬ ಗಾಳಿ. ಬೇಸಿಗೆಯಲ್ಲಿ ಒಣಭೂಮಿ ಕೊಚ್ಚುವಾಗ, ಕಣದಲ್ಲಿ ಒಕ್ಕಣೆಗೆ ಎಂಜಿನ್ ಕಟ್ಟಿದಾಗ ಆ ಗಾಳಿಯ ತುಂಬ ಸಣ್ಣ ಮರಳು. ಮರಳಿನ ಸಿಲಿಕ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಅದು ರಿಂಗು ಮತ್ತು ಲೈನರಿನ ನಡುವೆ ಸೇರಿ ಉಪ್ಪುಕಾಗದದಂತೆ ಉಜ್ಜುತ್ತದೆ. ಹತ್ತು ವರ್ಷ ಬಾಳಬೇಕಾದ ಲೈನರ್ ಒಂದೇ ಬೇಸಿಗೆಯಲ್ಲಿ ಹಾಳಾಗಬಹುದು.

ಹಳೆಯ ಟಿಲ್ಲರುಗಳಲ್ಲಿ ಹೆಚ್ಚಾಗಿ ಆಯಿಲ್ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಇದು ಕೆಲಸ ಮಾಡುವ ರೀತಿ ಸೊಗಸಾದದ್ದು. ಗಾಳಿ ಮೇಲಿನಿಂದ ರಭಸವಾಗಿ ಕೆಳಗಿಳಿದು, ಬಟ್ಟಲಿನ ಆಯಿಲನ್ನು ಇನ್ನೇನು ಮುಟ್ಟಬೇಕು ಎನ್ನುವಷ್ಟರಲ್ಲಿ ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಗಾಳಿ ಹಗುರ, ಆದ್ದರಿಂದ ತಿರುಗಿಬಿಡುತ್ತದೆ. ಮರಳಿನ ಕಣ ಭಾರ. ಜಡತ್ವದಿಂದ ನೇರವಾಗಿ ಮುಂದುವರಿದು ಆಯಿಲಿಗೆ ಬೀಳುತ್ತದೆ. ಬಸ್ಸು ಥಟ್ಟನೆ ತಿರುಗಿದಾಗ ನಿಂತ ಪ್ರಯಾಣಿಕರು ಒಂದು ಪಕ್ಕಕ್ಕೆ ವಾಲುತ್ತಾರಲ್ಲ, ಹಾಗೆ. ಉಳಿದ ಸಣ್ಣ ಕಣಗಳು ಮೇಲಿನ ತಂತಿಬಲೆಯ ಎಣ್ಣೆಪಸೆಗೆ ಅಂಟಿಕೊಳ್ಳುತ್ತವೆ.

ಈ ಬಟ್ಟಲಿಗೆ ಗುರುತಿನ ಗೆರೆಯವರೆಗೆ ಮಾತ್ರ ಆಯಿಲ್ ಹಾಕಬೇಕು. ಕಡಿಮೆಯಾದರೆ ಧೂಳು ಒಳಹೋಗುತ್ತದೆ. ಹೆಚ್ಚಾದರೆ ಆಯಿಲನ್ನೇ ಎಂಜಿನ್ ಎಳೆದುಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿಗೆ ಅದೂ ಇಂಧನವೇ. ಆಗ ಆಕ್ಸಿಲರೇಟರ್ ಇಳಿಸಿದರೂ ನಿಲ್ಲದೆ ಎಂಜಿನ್ ಹುಚ್ಚೆದ್ದು ಓಡಬಹುದು. ಧೂಳಿನ ಕೆಲಸವಿದ್ದ ದಿನ ಸಂಜೆಯೇ ಬಟ್ಟಲು ಬಿಚ್ಚಿ ತಳದ ರಾಡಿ ಚೆಲ್ಲಿ, ಬಲೆಯನ್ನು ಡೀಸೆಲಿನಲ್ಲಿ ಅದ್ದಿ ತೊಳೆದು, ಹೊಸ ಆಯಿಲ್ ಹಾಕಬೇಕು. ಖರ್ಚು ಒಂದು ಲೋಟ ಆಯಿಲು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದೆಯೇ ಎಂದೂ ನೋಡಿ. ಅಲ್ಲೊಂದು ಕೂದಲೆಳೆಯ ಬಿರುಕಿದ್ದರೆ ಮೇಲಿನ ಇಷ್ಟೂ ಶ್ರಮ ವ್ಯರ್ಥ.

ಎಂಜಿನ್ ಆಯಿಲಿನ ಮಾತು ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಮಟ್ಟ ನೋಡಬೇಕು. ಸಾಮಾನ್ಯವಾಗಿ ನೂರು ಗಂಟೆಯ ದುಡಿಮೆಗೊಮ್ಮೆ, ಎಂಜಿನ್ ಬಿಸಿಯಿರುವಾಗಲೇ ಹಳೆಯ ಆಯಿಲ್ ಇಳಿಸಬೇಕು. ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ನಂಬಿ. ಇಳಿಸಿದ ಆಯಿಲನ್ನು ತೋಟದ ಕಪ್ಪಿಗೆ ಚೆಲ್ಲಬೇಡಿ. ಬಾವಿಯ ನೀರು ಕೆಡುತ್ತದೆ.

ನೀರಿನ ತೊಟ್ಟಿ

ಕೆಲವು ಹಳೆಯ ಎಂಜಿನ್ನುಗಳಿಗೆ ರೇಡಿಯೇಟರ್ ಇರುವುದಿಲ್ಲ. ಸಿಲಿಂಡರಿನ ಸುತ್ತ ನೀರಿನ ತೊಟ್ಟಿ ಇರುತ್ತದೆ. ನೀರು ಕುದಿದು ಆವಿಯಾಗುತ್ತಾ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಬೇಕೆಂದು ನೀವು ಓದಿದ್ದೀರಿ. ಆ ಗುಪ್ತೋಷ್ಣವೇ ಇಲ್ಲಿ ಎಂಜಿನ್ನನ್ನು ಕಾಪಾಡುವುದು. ಹಾಗಾಗಿ ಇಂಥ ತೊಟ್ಟಿ ಕುದಿಯುತ್ತಿದ್ದರೆ ಗಾಬರಿ ಬೇಡ, ನೀರು ಬತ್ತಿದರೆ ಗಾಬರಿಯಾಗಬೇಕು. ಬತ್ತಿದ ಬಿಸಿ ತೊಟ್ಟಿಗೆ ತಣ್ಣೀರು ಸುರಿಯುವುದು ಮಾತ್ರ ಮಹಾ ತಪ್ಪು: ಕಾದ ಕಬ್ಬಿಣ ಒಂದೇ ಕಡೆ ಥಟ್ಟನೆ ಕುಗ್ಗಿ ಹೆಡ್ಡು ಬಿರಿಯುತ್ತದೆ. ಎಂಜಿನ್ ನಿಲ್ಲಿಸಿ ಆರಲು ಬಿಡಬೇಕು.

ಕೊಳವೆ ಬಾವಿಯ ಗಡುಸು ನೀರು ಕುದಿದಾಗ ಅದರ ಸುಣ್ಣದ ಅಂಶ ಲೈನರಿನ ಹೊರಮೈಗೆ ಪದರ ಪದರವಾಗಿ ಅಂಟುತ್ತದೆ. ಮನೆಯ ಹಂಡೆಯ ತಳದಲ್ಲಿ ಕಾಣುವ ಬಿಳಿ ಹೊಪ್ಪಳೆಯೂ ಇದೇ. ಅದು ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ತೊಟ್ಟಿ ತುಂಬ ನೀರಿದ್ದೂ ಪಿಸ್ಟನ್ ಕಾದು ಹಿಡಿದುಕೊಳ್ಳುವ ಸೋಜಿಗಕ್ಕೆ ಕಾರಣ ಇದು. ಮಳೆನೀರು ಹಿಡಿದಿಟ್ಟು ಬಳಸಿದರೆ ಈ ತೊಂದರೆಯೇ ಇಲ್ಲ.

ಬೆಲ್ಟು ಮತ್ತು ಕೆಸರು

ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ವಿ ಆಕಾರದ ಬೆಲ್ಟು ಹಿಡಿಯುವುದು ತನ್ನ ಎರಡು ಪಕ್ಕಗಳಿಂದ, ತಳದಿಂದಲ್ಲ. ಬೆಣೆಯಂತೆ ಗಾಡಿಯೊಳಗೆ ಸಿಕ್ಕಿಕೊಳ್ಳುವುದರಿಂದಲೇ ಅದು ಜಾರುವುದಿಲ್ಲ. ಪುಲ್ಲಿಯ ಗಾಡಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ಸವೆದು ತಳ ಮುಟ್ಟಿದೆ ಎಂದರ್ಥ. ಆಗ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಹೆಚ್ಚು ಬಿಗಿದಷ್ಟೂ ಬೇರಿಂಗಿಗೆ ಕೇಡು. ಮೂರು ಬೆಲ್ಟಿನಲ್ಲಿ ಒಂದು ಹರಿದರೆ ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದೇ ಹೊಸತು ಹಾಕಿದರೆ ಉದ್ದ ಕಡಿಮೆಯಿರುವ ಅದೊಂದೇ ಭಾರವನ್ನೆಲ್ಲ ಹೊತ್ತು ಬೇಗ ಹರಿಯುತ್ತದೆ. ಇದು ಉಳಿತಾಯವೆಂದು ತೋರುವ ಖರ್ಚು. ಬೆಲ್ಟಿನ ಮೇಲಿನ ಮುಚ್ಚಳ ತುಕ್ಕು ಹಿಡಿಯಿತೆಂದು ಕಿತ್ತೆಸೆದ ಟಿಲ್ಲರುಗಳನ್ನು ಎಲ್ಲೆಡೆ ಕಾಣಬಹುದು. ಆ ತಗಡು ಬೆರಳುಗಳ ರಕ್ಷಣೆಗಾಗಿ ಇರುವುದು. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಹೊಸತು ಮಾಡಿಸಬಹುದು.

ಕೆಸರುಗದ್ದೆಯ ಟಿಲ್ಲರಿಗೆ ಇನ್ನೊಂದು ಕಾಯಿಲೆ. ಗಾಲಿಯ ಅಚ್ಚು ಮತ್ತು ರೋಟರಿಯ ಅಚ್ಚು ಗಂಟೆಗಟ್ಟಲೆ ಕೆಸರುನೀರಿನಲ್ಲಿ ಮುಳುಗಿ ತಿರುಗುತ್ತವೆ. ಒಳಗೆ ಗೇರ್ ಆಯಿಲ್, ಹೊರಗೆ ಕೆಸರು, ನಡುವೆ ಒಂದು ರಬ್ಬರಿನ ಆಯಿಲ್ ಸೀಲ್. ಬ್ಲೇಡಿಗೆ ಸುತ್ತಿಕೊಂಡ ಹುಲ್ಲು, ಬಳ್ಳಿ, ಪ್ಲಾಸ್ಟಿಕ್ ದಾರ ಅಚ್ಚಿನ ಉದ್ದಕ್ಕೆ ಸರಿದು ಬಂದು ಸೀಲಿನ ತುಟಿಯನ್ನು ಕತ್ತರಿಸುತ್ತವೆ. ಸಂಜೆ ಗದ್ದೆಯಿಂದ ಮೇಲೆ ಬಂದ ಕೂಡಲೇ, ಎಂಜಿನ್ ನಿಲ್ಲಿಸಿ, ಆ ಜಾಗದ ಹುಲ್ಲು ಬಿಡಿಸಬೇಕು. ವಾರಕ್ಕೊಮ್ಮೆ ಗೇರ್ ಪೆಟ್ಟಿಗೆಯ ಡ್ರೈನ್ ಬೋಲ್ಟನ್ನು ತುಸು ಸಡಿಲಿಸಿ ನಾಲ್ಕು ಹನಿ ನೋಡಿ. ಹೊಗೆಬಣ್ಣದ ಆಯಿಲ್ ಬಂದರೆ ಸರಿ. ಚಹಾಕ್ಕೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಅಂದೇ ಸೀಲ್ ಬದಲಾಯಿಸಿದರೆ ಕೆಲವು ನೂರು ರೂಪಾಯಿ. ಈ ಮಳೆಗಾಲ ಕಳೆಯಲಿ ಎಂದರೆ ಬೇರಿಂಗು, ಗೇರು ಎಲ್ಲವೂ.

ಬಿಚ್ಚಲೇಬೇಕಾದಾಗ

ಎಲ್ಲ ಪರೀಕ್ಷೆ ಮುಗಿದು ಬಿಚ್ಚುವುದು ಖಚಿತವಾದ ಮೇಲೆ ಅವಸರ ಇನ್ನೂ ಕಡಿಮೆ ಇರಬೇಕು. ಮೊದಲು ಹೊರಮೈಯ ಮಣ್ಣನ್ನೆಲ್ಲ ತೊಳೆಯಬೇಕು, ಇಲ್ಲವಾದರೆ ಅದೇ ಮಣ್ಣು ಒಳಗೆ ಬೀಳುತ್ತದೆ. ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಒಂದು ಗೋಣಿಯ ಮೇಲೆ ಸಾಲಾಗಿ ಇಡಬೇಕು. ಈಗಂತೂ ಕೈಯಲ್ಲಿ ಮೊಬೈಲ್ ಇದೆ. ಪ್ರತಿ ಹಂತಕ್ಕೊಂದು ಚಿತ್ರ ತೆಗೆದಿಟ್ಟುಕೊಳ್ಳಿ. ಹಿಂದಿನ ಮೆಕ್ಯಾನಿಕ್‌ಗಳಿಗೆ ಈ ಭಾಗ್ಯ ಇರಲಿಲ್ಲ.

ಒಂದು ಸಣ್ಣ ವಸ್ತುವಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಇಂಥ ಬಹಳಷ್ಟು ಎಂಜಿನ್ನುಗಳಲ್ಲಿ ಡೀಸೆಲ್ ಪಂಪಿನ ಬುಡದಲ್ಲಿ ಕಾಗದದಷ್ಟು ತೆಳುವಾದ ತಗಡಿನ ಶಿಮ್ಮುಗಳಿರುತ್ತವೆ. ನೋಡಲು ಕಸದಂತೆ ಕಾಣುತ್ತವೆ. ನಿಜದಲ್ಲಿ ಡೀಸೆಲ್ ಯಾವ ಕ್ಷಣಕ್ಕೆ ಸಿಂಪಡಿಸಬೇಕೆಂದು ನಿರ್ಧರಿಸುವುದು ಅವೇ. ಒಂದು ಶಿಮ್ ಕಳೆದರೆ ಪಂಪು ಕ್ಯಾಮಿಗೆ ಹತ್ತಿರವಾಗಿ ಸಿಂಪರಣೆ ಬೇಗ ಆಗುತ್ತದೆ. ಎಂಜಿನ್ ಸುತ್ತಿಗೆ ಹೊಡೆದಂತೆ ಸದ್ದು ಮಾಡುತ್ತದೆ, ಹ್ಯಾಂಡಲ್ ಹಿಮ್ಮುಖ ಒದೆಯುತ್ತದೆ. ಒಂದು ಹೆಚ್ಚಾದರೆ ತಡವಾಗಿ, ಶಕ್ತಿ ಕುಂದುತ್ತದೆ. ಎಣಿಸಿ ತೆಗೆದು, ಎಣಿಸಿ ಹಾಕಿ.

ಬ್ಲೇಡುಗಳಲ್ಲಿ ಎಡ, ಬಲ ಎಂಬ ಎರಡು ಜಾತಿ. ಬಾಗು ಎತ್ತ ಕಡೆಗೆಂದು ನೋಡಿ, ಹರಿತವಾದ ಅಂಚು ಮಣ್ಣಿಗೆ ಮೊದಲು ತಾಗುವಂತೆ ಕೂರಿಸಬೇಕು. ಅದಲು ಬದಲಾದರೆ ನೆಲ ಏರುಪೇರಾಗುತ್ತದೆ, ಯಂತ್ರ ಕುಣಿಯುತ್ತದೆ. ಆ ಕಂಪನ ಹಿಡಿಯ ಮೂಲಕ ನಡೆಸುವವರ ಮೊಣಕೈ, ಭುಜಗಳಿಗೆ ಏರುತ್ತದೆ. ಯಂತ್ರದ ನಟ್ಟುಗಳೂ ಸಡಿಲಾಗುತ್ತವೆ. ದಿನಕ್ಕೊಮ್ಮೆ ಸ್ಪ್ಯಾನರ್ ಹಿಡಿದು ಸುತ್ತು ಬರುವುದು ಒಳ್ಳೆಯ ರೂಢಿ.

ಯಾವುದನ್ನು ಕೈಬಿಡಬೇಕೆಂಬ ವಿವೇಕವೂ ಬೇಕು. ಬಿರುಕು ಬಿಟ್ಟ ಕ್ರ್ಯಾಂಕ್ ಶಾಫ್ಟಿಗೆ ಬೆಸುಗೆ ಹಾಕಿಸಿ ಓಡಿಸುವುದು ಸಾಹಸವಲ್ಲ, ಅಪಾಯ. ಹಲ್ಲು ಮುರಿದ ಗೇರಿಗೆ ಬಿಡಿಭಾಗ ಎಲ್ಲೂ ಸಿಗದಿದ್ದರೆ, ಅದೇ ಮಾದರಿಯ ಇನ್ನೊಂದು ಸತ್ತ ಟಿಲ್ಲರನ್ನು ಗುಜರಿ ಬೆಲೆಗೆ ಕೊಂಡು ಎರಡನ್ನು ಸೇರಿಸಿ ಒಂದು ಮಾಡುವುದು ಅಂಗಡಿಗಳ ಹಳೆಯ ಉಪಾಯ. ಆರೋಗ್ಯಕರವಾದ ಉಪಾಯವೇ.

ಇಳಿಜಾರಿನಲ್ಲಿ ಎಡ ಬಲವಾಗುತ್ತದೆ

ಟಿಲ್ಲರಿಗೆ ಸ್ಟಿಯರಿಂಗ್ ಚಕ್ರವಿಲ್ಲ. ಎರಡು ಹಿಡಿಗಳ ಕೆಳಗೆ ಒಂದೊಂದು ಲಿವರ್. ಎಡದ ಲಿವರ್ ಒತ್ತಿದರೆ ಎಡಗಾಲಿಗೆ ಶಕ್ತಿ ನಿಲ್ಲುತ್ತದೆ. ಬಲಗಾಲಿ ತಳ್ಳುವುದರಿಂದ ಯಂತ್ರ ಎಡಕ್ಕೆ ತಿರುಗುತ್ತದೆ. ಸಮತಟ್ಟಿನಲ್ಲಿ ಇದು ಸರಿ. ಆದರೆ ಟ್ರೈಲರ್ ಕಟ್ಟಿಕೊಂಡು ಇಳಿಜಾರು ಇಳಿಯುವಾಗ ಗಾಲಿಗಳನ್ನು ತಳ್ಳುವುದು ಎಂಜಿನ್ ಅಲ್ಲ, ಭಾರ. ಎಂಜಿನ್ ಆಗ ಗಾಲಿಗಳನ್ನು ಹಿಡಿದು ನಿಲ್ಲಿಸುತ್ತಿರುತ್ತದೆ. ಎಡದ ಲಿವರ್ ಒತ್ತಿದರೆ ಎಡಗಾಲಿ ಆ ಹಿಡಿತದಿಂದ ಬಿಡುಗಡೆಯಾಗಿ ಮುನ್ನುಗ್ಗುತ್ತದೆ, ಬಲಗಾಲಿ ಹಿಂದುಳಿಯುತ್ತದೆ. ಯಂತ್ರ ಬಲಕ್ಕೆ ತಿರುಗುತ್ತದೆ! ಘಾಟಿಯ ತಿರುವಿನಲ್ಲಿ ಎಡಕ್ಕೆಂದು ಒತ್ತಿದವರು ಬಲಗಡೆಯ ಕಂದಕಕ್ಕೆ ಹೋಗುವುದು ಹೀಗೆ. ಕಡಿದಾದ ಇಳಿಜಾರಿನಲ್ಲಿ ಲಿವರ್ ಮುಟ್ಟದೆ, ಕಡಿಮೆ ಗೇರಿನಲ್ಲಿ, ಹಿಡಿಯನ್ನೇ ತಳ್ಳಿ ತಿರುಗಿಸಬೇಕು. ಗೇರನ್ನು ನ್ಯೂಟ್ರಲ್ ಮಾಡಲೇಬಾರದು.

ಇದು ಚಾಲನೆಯ ಮಾತಾದರೂ ರಿಪೇರಿಗೂ ಸೇರಿದೆ. ಲಿವರಿನ ಕೇಬಲ್ ತುಕ್ಕು ಹಿಡಿದು ಒಳಗೇ ಸಿಕ್ಕಿಕೊಂಡರೆ ಕೈ ಬಿಟ್ಟರೂ ಕ್ಲಚ್ ಮರಳಿ ಕೂಡುವುದಿಲ್ಲ. ಎರಡೂ ಕೇಬಲ್ಲುಗಳಿಗೆ ಎಣ್ಣೆ ಬಿಟ್ಟು, ಲಿವರಿನಲ್ಲಿ ತುಸು ಸಡಿಲ ಉಳಿಯುವಂತೆ ಹೊಂದಿಸಿ, ಸಮತಟ್ಟಾದ ಅಂಗಳದಲ್ಲಿ ಎರಡೂ ಕಡೆ ತಿರುಗಿಸಿ ನೋಡಿದ ಮೇಲೆಯೇ ರಸ್ತೆಗೆ ಇಳಿಸಬೇಕು. ಟ್ರೈಲರಿನ ಬ್ರೇಕನ್ನೂ ಅಂದೇ ನೋಡಿ. ಹಿಮ್ಮುಖ ಗೇರ್ ಹಾಕುವಾಗ ರೋಟರಿ ನಿಂತಿರಲೇಬೇಕು. ಅದನ್ನು ತಡೆಯುವ ಕೊಂಡಿ ಇರುವ ಯಂತ್ರಗಳಲ್ಲಿ ‘ಅಡ್ಡಿ’ ಎಂದು ಆ ಕೊಂಡಿಯನ್ನು ಕಿತ್ತಿರುತ್ತಾರೆ. ಮತ್ತೆ ಹಾಕಿಸಿ.

ಕೆಲಸವಿಲ್ಲದ ತಿಂಗಳುಗಳು

ನಾಟಿ ಮುಗಿದ ಮೇಲೆ ಟಿಲ್ಲರನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿ ಮರೆಯುವುದು ರೂಢಿ. ತೊಳೆದು ಒಣಗಿಸಿ, ಬ್ಲೇಡುಗಳಿಗೆ ಹಳೆಯ ಆಯಿಲ್ ಸವರಿ, ನಿಪ್ಪಲ್ಲುಗಳಿಗೆ ಗ್ರೀಸ್ ತುಂಬಿ, ತೊಟ್ಟಿಯ ನೀರು ಪೂರ್ತಿ ಇಳಿಸಿಡಬೇಕು. ಡೀಸೆಲ್ ಟ್ಯಾಂಕನ್ನು ಮಾತ್ರ ಖಾಲಿ ಬಿಡದೆ ತುಂಬಿಸಿಡಬೇಕು: ಖಾಲಿ ಜಾಗದ ತೇವದ ಗಾಳಿ ರಾತ್ರಿಯ ಚಳಿಗೆ ಹನಿಗಟ್ಟಿ ತಳ ಸೇರುತ್ತದೆ. ಕೊನೆಯಲ್ಲಿ ಹ್ಯಾಂಡಲನ್ನು ಬಿಗಿ ಸಿಗುವ ತನಕ ತಿರುಗಿಸಿ ಅಲ್ಲೇ ನಿಲ್ಲಿಸಿ. ಆ ಸ್ಥಾನದಲ್ಲಿ ಎರಡೂ ವಾಲ್ವುಗಳು ಮುಚ್ಚಿರುವುದರಿಂದ ಸಿಲಿಂಡರಿಗೆ ತೇವ ನುಗ್ಗುವುದಿಲ್ಲ. ಸೈಲೆನ್ಸರಿನ ಬಾಯಿಗೆ ಒಂದು ಡಬ್ಬಿ ಕವುಚಿ.

ಮತ್ತೆ ಹೊರಗೆ ತೆಗೆದ ದಿನ ಮೊದಲು ಆ ಡಬ್ಬಿ ತೆಗೆದು ಒಳಗೆ ಇಣುಕಿ ನೋಡಿ. ಮಣ್ಣುಗೂಡು ಕಟ್ಟುವ ಕಣಜಕ್ಕೂ ಇಲಿಗೂ ಇಷ್ಟವಾದ ಜಾಗವದು. ನೀರು, ಆಯಿಲ್ ನೋಡಿ. ಫಿಲ್ಟರಿನ ತಳದ ನೀರು ಇಳಿಸಿ. ಭಾರ ಇಳಿಸುವ ಲಿವರನ್ನು ಹಿಡಿದು, ಡೀಸೆಲ್ ಮುಚ್ಚಿ, ಇಪ್ಪತ್ತು ಸುತ್ತು ಬರಿದೇ ತಿರುಗಿಸಿ. ತಿಂಗಳುಗಟ್ಟಲೆ ಒಣಗಿದ ಬೇರಿಂಗುಗಳಿಗೆ ಆಯಿಲ್ ಏರಲು ಅಷ್ಟು ಹೊತ್ತು ಬೇಕು. ಆಮೇಲೆ ಡೀಸೆಲ್ ತೆರೆದು, ಹೆಬ್ಬೆರಳು ಪಕ್ಕಕ್ಕಿಟ್ಟು, ಹ್ಯಾಂಡಲ್ ಹೊಡೆಯಿರಿ.